ಜೋಗಿಮಟ್ಟಿ, ಮಾರಿಕಣಿವೆ, ಅಯ್ಯನಕೆರೆ: ನೀರಿನ ಪಕ್ಕದ ಬೆಟ್ಟಕ್ಕೆ ಒಂದು ದಿನ, ಯಾವುದು ಸರಿ?

ಚಿತ್ರದುರ್ಗ, ದಾವಣಗೆರೆ ಕಡೆಯವರು ಬೆಟ್ಟ ಹತ್ತಲು ಹೊರಟಾಗ ಮೊದಲು ಕೇಳುವುದು "ಎಷ್ಟು ಎತ್ತರ?" ಅಂತ. ನಮ್ಮ ಸೀಮೆಯಲ್ಲಿ ಅದು ಎರಡನೇ ಪ್ರಶ್ನೆ. ಬೆಳಿಗ್ಗೆ ಹನ್ನೊಂದಕ್ಕೆ ನೀವು ಎಲ್ಲಿರುತ್ತೀರಿ, ಅಲ್ಲಿ ನೆರಳುಂಟೋ ಇಲ್ಲವೋ ಅನ್ನುವುದು ಮೊದಲನೇ ಪ್ರಶ್ನೆ. ಚಿತ್ರದುರ್ಗದ ಸುತ್ತ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾಡೆಂದರೆ ಬಹುಪಾಲು ಕುರುಚಲು: ಕಮರ, ಜಾಲಿ, ಸೀತಾಫಲ, ಎಲ್ಲೆಲ್ಲೂ ಲಂಟಾನ. ಅದರ ನೆರಳು ಮೇಕೆಗೆ ಸಾಕು, ಮನುಷ್ಯನಿಗೆ ಸಾಲದು. ಆದ್ದರಿಂದ ಮಲೆನಾಡಿನ ಚಾರಣದ ಲೆಕ್ಕವನ್ನು ಇಲ್ಲಿಗೆ ತಂದರೆ ಎಡವಟ್ಟಾಗುತ್ತದೆ. ಅಲ್ಲಿ ಸಲೀಸಾಗಿ ಹತ್ತಿ ಇಳಿಯುವ ಎತ್ತರವೇ ಇಲ್ಲಿ ಮಾರ್ಚ್ ತಿಂಗಳಲ್ಲಿ ಆಸ್ಪತ್ರೆ ಸೇರಿಸಬಲ್ಲದು.

ಇನ್ನೊಂದು ಭ್ರಮೆ ಜಲಾಶಯದ್ದು. ದಾರಿಯುದ್ದಕ್ಕೂ ನೀರು ಕಾಣುತ್ತದೆ, ಹಾಗಾಗಿ ಬಾಟಲಿ ಕಡಿಮೆ ಹೊತ್ತರೂ ನಡೆಯುತ್ತದೆ ಅನ್ನಿಸುತ್ತದೆ. ಹಿನ್ನೀರು ಕಣ್ಣಿಗೆ ತಂಪು ಅಷ್ಟೇ. ಅದನ್ನು ಹಾಗೇ ಕುಡಿಯುವಂತಿಲ್ಲ. ಮೇಲಿನಿಂದ ಕಾಣುವ ದಂಡೆಗೆ ಇಳಿದು ಮತ್ತೆ ಹತ್ತುವುದೆಂದರೆ ಅದೇ ಒಂದೂವರೆ ಗಂಟೆ ತಿನ್ನುತ್ತದೆ. ಇಳಿದರೂ ಅಂಚಿನಲ್ಲಿ ಮೇಲೆ ಒಣಗಿ ಬಿರಿದು ಒಳಗೆ ಹಸಿಯಾಗಿರುವ ಕೆಸರು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ.

ಇವೆರಡನ್ನೂ ಗಮನದಲ್ಲಿಟ್ಟು ಒಂದು ದಿನದಲ್ಲಿ ಹೋಗಿ ಬರಬಹುದಾದ ಮೂರು ಜಾಗಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಮೂರೂ ಬೇರೆ ಬೇರೆ ಜಾತಿಯವು. ಜೋಗಿಮಟ್ಟಿಯಲ್ಲಿ ದೂರ ಹೆಚ್ಚು, ಅಪಾಯ ಕಡಿಮೆ. ಮಾರಿಕಣಿವೆಯಲ್ಲಿ ದೂರ ಕಡಿಮೆ, ತೊಂದರೆ ಹೆಚ್ಚು. ಅಯ್ಯನಕೆರೆಯಲ್ಲಿ ಬೆಟ್ಟಕ್ಕಿಂತ ಮನೆಗೆ ವಾಪಸಾಗುವ ರಸ್ತೆಯೇ ಸುಸ್ತು ಮಾಡುತ್ತದೆ.

ಜೋಗಿಮಟ್ಟಿ

ಚಿತ್ರದುರ್ಗ ಊರಿನಿಂದ ನೆತ್ತಿಗೆ ಸುಮಾರು 10 ಕಿ.ಮೀ., ಏರು 400 ಮೀಟರಿಗೂ ಹೆಚ್ಚು. ಇದರ ದೊಡ್ಡ ಅನುಕೂಲವೆಂದರೆ ಮೇಲಿನವರೆಗೂ ರಸ್ತೆ ಇರುವುದು. ಚಾರಣದ ಹುಚ್ಚಿರುವವರಿಗೆ ರಸ್ತೆ ಅಂದರೆ ತಾತ್ಸಾರ. ಆದರೆ ಗುಂಪಿನಲ್ಲಿ ಒಬ್ಬರ ಕಾಲು ಉಳುಕಿದಾಗ ಆ ರಸ್ತೆಯ ಬೆಲೆ ಗೊತ್ತಾಗುತ್ತದೆ. ಉಳಿದ ಎರಡು ಜಾಗಗಳಲ್ಲಿ ಆ ಸೌಲಭ್ಯವಿಲ್ಲ.

ಇದು ವನ್ಯಜೀವಿ ಧಾಮ. ಕರಡಿ, ಚಿರತೆ ಎರಡೂ ಇವೆ. ಮನಸ್ಸಿಗೆ ಬಂದ ಕಡೆ ನುಗ್ಗುವಂತಿಲ್ಲ, ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೇಳಿಯೇ ಒಳಗೆ ಹೋಗಬೇಕು. ಗೇಟು ಎಷ್ಟಕ್ಕೆ ತೆರೆಯುತ್ತದೆ, ನಡೆದು ಹೋಗಲು ಬಿಡುತ್ತಾರಾ, ಎಷ್ಟರೊಳಗೆ ಹೊರಬರಬೇಕು ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ನಿಮ್ಮ ದಿನ ಎಷ್ಟು ಉದ್ದ ಅನ್ನುವುದನ್ನು ಸೂರ್ಯನಿಗಿಂತ ಮೊದಲು ಆ ಗೇಟು ತೀರ್ಮಾನಿಸುತ್ತದೆ.

ನೀರಿನ ಪಕ್ಕದ ನಡಿಗೆಯೇ ಬೇಕೆಂದರೆ ಕಾಡಿನ ಅಂಚಿನ ಆಡುಮಲ್ಲೇಶ್ವರ, ತಿಮ್ಮಣ್ಣನಾಯಕನ ಕೆರೆಯ ಕಡೆಯನ್ನು ದಿನಕ್ಕೆ ಸೇರಿಸಿಕೊಳ್ಳಬಹುದು. ದೊಡ್ಡ ಜಲಾಶಯದ ನೋಟ ಇಲ್ಲಿಲ್ಲ, ಕೆರೆಯ ನೋಟ ಇದೆ. ಹಿಮವತ್ಕೇದಾರದ ಗವಿ ಮತ್ತು ಜಲಪಾತ ಇದೇ ಕಾಡಿನಲ್ಲಿದೆ. ಮಳೆ ಚೆನ್ನಾಗಿ ಬಿದ್ದ ಕೆಲವು ವಾರಗಳಲ್ಲಷ್ಟೇ ಅಲ್ಲಿ ಜಲಪಾತ ಅನ್ನುವಷ್ಟು ನೀರಿರುತ್ತದೆ. ಜನವರಿಯಲ್ಲಿ ಹೋಗಿ "ಎಲ್ಲಿ ಸ್ವಾಮಿ ಫಾಲ್ಸು?" ಅಂತ ಕೇಳುವವರು ಪ್ರತಿ ವರ್ಷವೂ ಇರುತ್ತಾರೆ.

ಸಮಯದ ಲೆಕ್ಕ ಹೀಗೆ. ರಸ್ತೆ ಇರುವುದರಿಂದ ಗಂಟೆಗೆ 4 ಕಿ.ಮೀ. ಹಿಡಿಯಿರಿ: ಹೋಗಿ ಬರುವ 20 ಕಿ.ಮೀ.ಗೆ 5 ಗಂಟೆ. ಪ್ರತಿ 300 ಮೀಟರ್ ಏರಿಗೆ ಒಂದು ಗಂಟೆ ಕೂಡಿಸಿ, ಅಂದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ತಿಂಡಿ, ವಿಶ್ರಾಂತಿಗೆ ಇನ್ನೊಂದು. ಒಟ್ಟು ಏಳೂವರೆ. ಡಿಸೆಂಬರಿನಲ್ಲಿ ಆರೂಮುಕ್ಕಾಲಿಗೆ ಬೆಳಕಾಗುತ್ತದೆ, ಏಳಕ್ಕೆ ಹೊರಟರೆ ಎರಡೂವರೆಗೆ ವಾಪಸು, ಏನೂ ತೊಂದರೆ ಇಲ್ಲ. ಅದೇ ಲೆಕ್ಕ ಮಾರ್ಚಿನಲ್ಲಿ ಹಾಕಿದರೆ ಹನ್ನೆರಡರಿಂದ ಎರಡರವರೆಗೆ ನೀವು ಕಾದ ಡಾಂಬರಿನ ಮೇಲಿರುತ್ತೀರಿ. ಬೇಸಿಗೆಯಲ್ಲಿ ಹತ್ತುವುದು ಮಾತ್ರ ಕಾಲ್ನಡಿಗೆಯಲ್ಲಿ, ಇಳಿಯುವುದಕ್ಕೆ ಮೇಲೆ ಗಾಡಿ ತರಿಸಿಕೊಳ್ಳುವುದು ಜಾಣತನ. ಅದನ್ನು ಸೋಲು ಅಂದುಕೊಳ್ಳಬೇಕಾಗಿಲ್ಲ.

ಜೂನ್‌ನಿಂದ ಆಗಸ್ಟಿನವರೆಗೆ ಇಲ್ಲಿ ಗಾಳಿಯದೇ ರಾಜ್ಯ. ಸುಮ್ಮನೆ ಈ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿಲ್ಲ. ಗಾಳಿಯಿಂದ ಆಗುವ ತೊಂದರೆ ಟೋಪಿ ಹಾರಿಹೋಗುವುದಷ್ಟೇ ಅಲ್ಲ. ಬೆವರು ಬಂದದ್ದೇ ತಿಳಿಯದೆ ಆರಿಹೋಗುತ್ತದೆ, ಬಾಯಾರಿಕೆ ಕಾಣುವುದಿಲ್ಲ, ಇಳಿದು ಬಂದ ಮೇಲೆ ತಲೆನೋವು ಶುರುವಾಗುತ್ತದೆ. ಆ ತಿಂಗಳುಗಳಲ್ಲಿ ಬಾಯಾರಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ.

ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ

ನಿಜವಾದ ಜಲಾಶಯ, ನಿಜವಾದ ಕಣಿವೆ. ಚಿತ್ರದುರ್ಗದ ಗುಡ್ಡಸಾಲನ್ನು ವೇದಾವತಿ ಸೀಳಿಕೊಂಡು ಹೋಗುವ ಇಕ್ಕಟ್ಟಿನಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಅಣೆಕಟ್ಟು, ಮುಗಿದದ್ದು 1907ರಲ್ಲಿ. ತುಂಬಿದರೆ 130 ಅಡಿ, ಸುಮಾರು 30 ಟಿಎಂಸಿ ನೀರು. ಹಿರಿಯೂರಿನಿಂದ ಸುಮಾರು 20 ಕಿ.ಮೀ., ಚಿತ್ರದುರ್ಗದಿಂದ ಹೆದ್ದಾರಿ ಹಿಡಿದರೆ ಸುಮಾರು 60. ಕಣಿವೆ ಮಾರಮ್ಮನ ಗುಡಿ ಅಣೆಕಟ್ಟಿನ ಹತ್ತಿರವೇ ಇದೆ. ಹಬ್ಬ, ಜಾತ್ರೆ, ಅಮಾವಾಸ್ಯೆ ದಿನ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ ಅನ್ನುವುದೂ ಯೋಜನೆಯ ಭಾಗವೇ.

ಈ ಜಾಗದ ಬಗ್ಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ದಾರಿಯದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. 2025ರ ಜನವರಿಯಲ್ಲಿ ಮತ್ತೊಮ್ಮೆ. ಭದ್ರೆಯ ನೀರು ಬರತೊಡಗಿದ ಮೇಲೆ ಹಿನ್ನೀರಿನ ಗಡಿಯೇ ಬದಲಾಗಿದೆ. ಎರಡು ಮೂರು ತಲೆಮಾರು ದನ, ಕುರಿ ಮೇಯಿಸಿಕೊಂಡು ದಂಡೆಗುಂಟ ಓಡಾಡಿದ ಜಾಡುಗಳು ಈಗ ಎಷ್ಟೋ ಕಡೆ ನೀರಿನೊಳಗಿವೆ. ನಿಮ್ಮ ಮೊಬೈಲಿಗೆ ಯಾರೋ ಕಳಿಸಿದ ಜಿಪಿಎಸ್ ಜಾಡು 2021ಕ್ಕಿಂತ ಹಿಂದಿನದಾದರೆ ಅದನ್ನು ನಂಬಬೇಡಿ. ಅದು ನೀರಿನೊಳಗೆ ನಡೆಯಲು ಹೇಳುತ್ತದೆ. ನೀವು ಮೇಲಕ್ಕೆ ಸರಿಯುತ್ತೀರಿ, ಮೇಲೆ ಮುಳ್ಳುಪೊದೆ, ಇನ್ನೂ ಮೇಲೆ ಸಡಿಲ ಕಲ್ಲು. ಎರಡು ಕಿ.ಮೀ. ಅಂದುಕೊಂಡದ್ದು ಮೂರು ಗಂಟೆಯಾಗುವುದು ಹೀಗೆ. ಹೊರಡುವ ಮುಂಚೆ ಆ ವಾರದ ನೀರಿನ ಮಟ್ಟ ನೋಡಿಕೊಳ್ಳಿ, ಜಿಲ್ಲಾ ಪುಟಗಳಲ್ಲಿ ಬರುತ್ತಿರುತ್ತದೆ. 120 ಅಡಿ ದಾಟಿದ್ದರೆ ದಂಡೆಗುಂಟ ನಡೆಯುವ ಆಸೆ ಬಿಟ್ಟು ಏಣಿನ ಮೇಲಿನ ದಾರಿಯನ್ನೇ ಯೋಚಿಸಿ.

ಕುರಿಜಾಡಿನ ಮೋಸವನ್ನೂ ತಿಳಿದಿರಿ. ಗುಡ್ಡದ ಮೈಮೇಲೆ ಚೊಕ್ಕವಾಗಿ, ಒಂದೂವರೆ ಅಡಿ ಅಗಲ, ನುಣುಪಾಗಿ ತುಳಿದ ದಾರಿ ಕಾಣುತ್ತದೆ. ಇಪ್ಪತ್ತು ಹೆಜ್ಜೆ ಹೋದರೆ ಲಂಟಾನದ ಕೆಳಗೆ ಸೊಂಟದೆತ್ತರದ ಗವಿಯ ಹಾಗೆ ನುಸುಳಿ ಹೋಗುತ್ತದೆ. ಕುರಿ ನುಸುಳಿತು, ನೀವು ನುಸುಳಲಾರಿರಿ. ಮನುಷ್ಯರ ದಾರಿಯ ಗುರುತು ನೆಲದಲ್ಲಿರುವುದಿಲ್ಲ, ಎದೆಯ ಮಟ್ಟದಲ್ಲಿರುತ್ತದೆ: ಮುರಿದ ಕಡ್ಡಿ, ಮಚ್ಚಿನಿಂದ ಕಡಿದ ಕೊಂಬೆ, ಒರಗಿಸಿ ಇಟ್ಟ ಕಲ್ಲು. ಎದೆಯೆತ್ತರದಲ್ಲಿ ಇಂಥದ್ದೇನೂ ಐವತ್ತು ಹೆಜ್ಜೆಯವರೆಗೆ ಕಾಣಲಿಲ್ಲವೆಂದರೆ ಹಿಂದಿರುಗಿ ಕೊನೆಯ ಕವಲಿಗೆ ಬನ್ನಿ.

ಕಾಲಡಿಯ ಕಲ್ಲೂ ಬೇರೆ. ಚಿತ್ರದುರ್ಗದ ಕೋಟೆ ಬಂಡೆ ಹತ್ತಿ ರೂಢಿಯಿದ್ದವರು ಇಲ್ಲಿ ಮೋಸಹೋಗುತ್ತಾರೆ. ಕೋಟೆಯದು ಗ್ರಾನೈಟ್, ಒಣಗಿದ್ದರೆ ಬೂಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಗುಡ್ಡಸಾಲಿನಲ್ಲಿ ಪದರಗಲ್ಲು ಹೆಚ್ಚು, ತುಂಡುತುಂಡಾಗಿ ಬಿಟ್ಟುಕೊಂಡು ಗರಸಿನ ಮೇಲೆ ಬಿದ್ದಿರುತ್ತದೆ. ಕಾಲಿಟ್ಟರೆ ಗಾಲಿಯ ಹಾಗೆ ಉರುಳುತ್ತದೆ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಬೀಳಿಸುತ್ತದೆ. ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ನೇರವಾಗಿ ನಡೆಯಬೇಡಿ. ಮೇಲಿನವರು ಒದ್ದ ಕಲ್ಲು ಕೆಳಗಿನವರ ಕಣಕಾಲಿಗೆ ಬಡಿಯುತ್ತದೆ. ಓರೆಯಾಗಿ, ಅಂತರ ಬಿಟ್ಟು ಇಳಿಯಿರಿ.

ಗುಡ್ಡಗಳು ಅರಣ್ಯ ಇಲಾಖೆಯವು, ಹಿರಿಯೂರಿನ ವಲಯ ಕಚೇರಿಯಲ್ಲಿ ಕೇಳದೆ ಹೋಗಬೇಡಿ. ಅಣೆಕಟ್ಟಿನ ಮೇಲೆ ಎಲ್ಲಿಯವರೆಗೆ ಬಿಡುತ್ತಾರೋ ಅಷ್ಟೇ, ಕಾವಲಿನವರ ಜತೆ ವಾದಕ್ಕಿಳಿದು ಬೆಳಗಿನ ತಂಪನ್ನು ಕಳೆದುಕೊಂಡರೆ ನಷ್ಟ ನಿಮ್ಮದೇ. ವಾಣಿವಿಲಾಸಪುರದ ಸುತ್ತಿನ ಹಳ್ಳಿಗಳಲ್ಲಿ ಗುಡ್ಡ ಬಲ್ಲ ಕುರಿಗಾಹಿ ಒಬ್ಬರನ್ನು ಒಂದು ದಿನದ ಕೂಲಿ ಕೊಟ್ಟು ಜತೆಗೆ ಕರೆದೊಯ್ಯುವುದು ನಮ್ಮ ಸಲಹೆ. "ಅಣ್ಣಾ, ಈಗ ನೀರು ಎಲ್ಲಿಗೆ ಬಂದಿದೆ?" ಎಂದು ಕೇಳಿದರೆ ಯಾವ ನಕ್ಷೆಯೂ ಹೇಳದ್ದನ್ನು ಅವರು ಕೈತೋರಿಸಿ ಹೇಳುತ್ತಾರೆ.

ಜಾಡಿಲ್ಲದ ಕುರುಚಲಿನಲ್ಲಿ ಗಂಟೆಗೆ ಒಂದರಿಂದ ಒಂದೂವರೆ ಕಿ.ಮೀ. ಮಾತ್ರ ಸಾಗುತ್ತದೆ. ನಾಲ್ಕು ಕಿ.ಮೀ.ಗೆ ಮೂರರಿಂದ ನಾಲ್ಕು ಗಂಟೆ. ಬೆಳಕು ಹರಿಯುತ್ತಿದ್ದಂತೆ ಹೊರಟು ಹನ್ನೊಂದರೊಳಗೆ ಕೆಳಗಿರುವ ಹಾಗೆ ಯೋಜಿಸಿ. ನವೆಂಬರಿನಿಂದ ಜನವರಿಯವರೆಗೆ ಬಿಟ್ಟರೆ ಉಳಿದ ತಿಂಗಳಲ್ಲಿ ಈ ಜಾಗವನ್ನು ನಾವು ಯಾರಿಗೂ ಹೇಳುವುದಿಲ್ಲ.

ಅಯ್ಯನಕೆರೆ ಮತ್ತು ಶಕುನಗಿರಿ

ನಮ್ಮ ಜಿಲ್ಲೆಗಳಿಂದ ಆಚೆ, ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಹತ್ತಿರ. ಬಾಬಾಬುಡನ್‌ಗಿರಿ ಕಡೆಯಿಂದ ಹರಿದು ಬರುವ ನೀರಿಗೆ ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಹಳೆಯ ದೊಡ್ಡ ಕೆರೆ, ಅದರ ಬೆನ್ನಿಗೆ ಶಕುನಗಿರಿ. ನೋಟಕ್ಕೆ ಮೂರರಲ್ಲಿ ಇದೇ ಮೇಲು, ಅನುಮಾನವಿಲ್ಲ. ಏರುತ್ತಾ ಹೋದಂತೆ ಕೆರೆ ಕೆಳಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಮೈತುಂಬ ಹುಲ್ಲಿನ ಬೆಟ್ಟ. ಅಕ್ಟೋಬರ್, ನವೆಂಬರಿನಲ್ಲಿ ಹುಲ್ಲು ಸೊಂಟಕ್ಕೆ ಬಂದಿರುತ್ತದೆ, ಅದರೊಳಗಿನ ಕಲ್ಲು, ಗುಂಡಿ ಕಾಣುವುದಿಲ್ಲ. ಕೋಲಿನಿಂದ ಮುಂದಿನ ಹೆಜ್ಜೆಯನ್ನು ತಟ್ಟಿ ನೋಡಿಕೊಂಡೇ ಹೋಗಬೇಕು. ಹಾವಿಗೂ ಅದೇ ಎಚ್ಚರಿಕೆ. ಮಳೆಗಾಲದಲ್ಲಿ ಜಿಗಣೆ, ಮಂಜು, ಜಾರಿಕೆ. ಬೇಸಿಗೆಯಲ್ಲಿ ಒಣಹುಲ್ಲು, ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸುವುದುಂಟು. ಹಾಗಾಗಿ ನವೆಂಬರ್ ಕೊನೆಯಿಂದ ಜನವರಿ ಹೊತ್ತಿಗೆ ಹೋಗುವುದು ಒಳ್ಳೆಯದು. ಅನುಮತಿಯ ನಿಯಮ ಆಗಾಗ ಬದಲಾಗುತ್ತದೆ. ಇಲಾಖೆಯ 'ಅರಣ್ಯ ವಿಹಾರ' ಜಾಲತಾಣವನ್ನೂ ಸ್ಥಳೀಯ ವಲಯ ಕಚೇರಿಯನ್ನೂ ಎರಡನ್ನೂ ವಿಚಾರಿಸಿ.

ಎಡವಟ್ಟಾಗುವುದು ಪ್ರಯಾಣದಲ್ಲಿ. ಚಿತ್ರದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಕಡೂರು ಹಾದು ಹೋದರೆ ಒಂದು ಕಡೆಗೇ ಹತ್ತಿರ ಮೂರು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಏಳೂವರೆಗೆ ಹತ್ತತೊಡಗಿ, ಎರಡಕ್ಕೆ ಇಳಿದು, ಹೊಟ್ಟೆ ತುಂಬ ಉಂಡು, ಮತ್ತೆ ಮೂರು ಗಂಟೆ ಸ್ಟಿಯರಿಂಗ್ ಹಿಡಿಯುವವನ ಕಣ್ಣು ಮುಚ್ಚದೆ ಏನಾಗುತ್ತದೆ? ಬೆಟ್ಟದಲ್ಲಿ ಬೀಳುವ ಅಪಾಯಕ್ಕಿಂತ ಇದು ದೊಡ್ಡದು. ಗಾಡಿ ಓಡಿಸಲು ಬರುವವರು ಇಬ್ಬರಿರಲಿ, ಅಥವಾ ಬೆಟ್ಟ ಹತ್ತದ ಡ್ರೈವರ್ ಇರಲಿ. ದಾವಣಗೆರೆಯವರಿಗೆ ರೈಲಿನ ದಾರಿಯೂ ಉಂಟು: ಚಿಕ್ಕಜಾಜೂರು, ಹೊಸದುರ್ಗ ರೋಡ್, ಬೀರೂರು ಮೇಲೆ ಕಡೂರಿಗೆ ಇಳಿದು ಅಲ್ಲಿಂದ ಬಸ್ಸೋ ಬಾಡಿಗೆ ಗಾಡಿಯೋ. ಹಿಂದಿನ ಸಂಜೆ ಹೋಗಿ ಕಡೂರಿನಲ್ಲಿ ಮಲಗಿದರೆ ಇನ್ನೂ ಚೆನ್ನ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ ದಿನಪೂರ್ತಿ ನಡೆಯುವವರು, ಐವತ್ತು ದಾಟಿದವರು, ಮಕ್ಕಳಿರುವ ಗುಂಪು: ಜೋಗಿಮಟ್ಟಿ, ಬೇರೆ ಯೋಚನೆಯೇ ಬೇಡ. ನಾಲ್ಕೈದು ಬೆಟ್ಟ ಹತ್ತಿರುವ, ಮುಳ್ಳು ಗೀರಿದರೆ ಗೊಣಗದ, ನಾಲ್ಕರಿಂದ ಆರು ಜನರ ಗುಂಪು, ಜತೆಗೆ ಊರಿನವರೊಬ್ಬರು: ಮಾರಿಕಣಿವೆ. ಒಬ್ಬರೇ ಅಥವಾ ಇಬ್ಬರೇ ಅಲ್ಲಿಗೆ ಹೋಗಬೇಡಿ, ಕಣಿವೆಯ ಒಳಮಗ್ಗುಲಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ವರ್ಷಕ್ಕೊಂದೇ ಸಲ ಹೋಗುವುದು, ಒಳ್ಳೆಯ ನೋಟವೇ ಬೇಕು ಅನ್ನುವವರು ಶಕುನಗಿರಿಗೆ ಒಂದೂವರೆ ದಿನ ಎತ್ತಿಡಲಿ.

ರಾತ್ರಿ ಮಳೆ ಬಿದ್ದಿದ್ದರೆ ಮೂರರಲ್ಲಿ ಜೋಗಿಮಟ್ಟಿ ಒಂದೇ ಉಳಿಯುತ್ತದೆ. ಉಷ್ಣಾಂಶ 35 ದಾಟುವ ದಿನಗಳಲ್ಲಿ ಯಾವುದೂ ಬೇಡ. ಬೆಟ್ಟದ ಚಪಲ ತಡೆಯದಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ಚಂದ್ರವಳ್ಳಿಯ ಕೆರೆ, ಅಂಕಲಿ ಮಠದವರೆಗೆ ಸುತ್ತಾಡಿ ಬನ್ನಿ.

ಚೀಲದಲ್ಲಿ ಏನಿರಬೇಕು

ನೀರು: ಚಳಿಗಾಲದಲ್ಲಿ ತಲೆಗೆ 3 ಲೀಟರ್, ಫೆಬ್ರವರಿ ಕೊನೆಯಿಂದ 4ಕ್ಕೆ ಕಡಿಮೆ ಬೇಡ. ನಾಲ್ಕು ಲೀಟರ್ ಅಂದರೆ ನಾಲ್ಕು ಕೆ.ಜಿ., ಆದ್ದರಿಂದ ಉಳಿದದ್ದೆಲ್ಲ ಹಗುರ ಇರಲಿ. ಒಂದೇ ದೊಡ್ಡ ಬಾಟಲಿ ತರಬೇಡಿ. ಒಂದು ಬಿದ್ದು ಒಡೆದರೂ ಉಳಿಯುವ ಹಾಗೆ ಒಂದೊಂದು ಲೀಟರಿನ ಬಾಟಲಿಗಳು ಸರಿ. ಅರ್ಧ ನೀರು ಮುಗಿದಾಗ ನೆತ್ತಿ ಮುಟ್ಟಿರದಿದ್ದರೆ ಅಲ್ಲಿಂದಲೇ ವಾಪಸು.

ಬರೀ ನೀರೇ ಕುಡಿಯುತ್ತಾ ಹೋದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ಬೆವರಿನಲ್ಲಿ ಹೋದ ಉಪ್ಪು ವಾಪಸು ಸೇರಬೇಕು. ಓಆರ್‌ಎಸ್ ಪೊಟ್ಟಣ ತಲೆಗೆರಡು. ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮತಟ್ಟು ಚಮಚ. ಉಪ್ಪು ಹೆಚ್ಚಾದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು.

ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ, ನಿಂಬೆಹಣ್ಣಿನ ಚಿತ್ರಾನ್ನ, ಸೌತೆಕಾಯಿ, ಬೆಲ್ಲದ ಚಿಕ್ಕಿ. ಮೊಸರನ್ನ ಹನ್ನೊಂದಕ್ಕೇ ಹುಳಿ ಬರುತ್ತದೆ. ಮಂಡಕ್ಕಿ ಹಗುರ, ಹೊರಲು ಸುಲಭ, ಆದರೆ ಒಣ ಬಾಯಿಯಲ್ಲಿ ಇಳಿಯುವುದಿಲ್ಲ, ಖಾರದ್ದಾದರೆ ನೀರು ಬೇಗ ಮುಗಿಯುತ್ತದೆ. ಹೊರಡುವ ಮುಂಚೆ ಬೆಣ್ಣೆ ದೋಸೆ ನಾಲ್ಕು ಹೊಡೆದು ಏರಿಗೆ ಕಾಲಿಡುವುದು ದಾವಣಗೆರೆಯವರ ಹಳೇ ಚಾಳಿ. ಎರಡಕ್ಕೆ ನಿಲ್ಲಿಸಿ, ಉಳಿದೆರಡು ವಾಪಸು ಬಂದ ಮೇಲೆ.

ಬೂಟಿನ ವಿಷಯದಲ್ಲಿ ದುಬಾರಿಯದಕ್ಕಿಂತ ನಡೆದು ಹಳಗಿದ್ದು ಮೇಲು. ಆದರೆ ನಾಲ್ಕೈದು ವರ್ಷ ಅಟ್ಟದ ಮೇಲಿದ್ದ ಬೂಟನ್ನು ಹಾಗೇ ಹಾಕಿಕೊಂಡು ಹೋಗಬೇಡಿ. ನೋಡಲು ಹೊಸದರಂತಿದ್ದರೂ ಅಟ್ಟೆಯ ನೊರೆರಬ್ಬರ್ ಒಳಗೇ ಹಳತಾಗಿ ಪುಡಿಪುಡಿಯಾಗಿರುತ್ತದೆ, ಇಳಿಜಾರಿನಲ್ಲಿ ಅಟ್ಟೆಯೇ ಬಿಟ್ಟುಕೊಳ್ಳುತ್ತದೆ. ಹಿಂದಿನ ರಾತ್ರಿ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಮಡಚಿ, ಅಟ್ಟೆ ಸೇರುವ ಕಡೆ ಉಗುರು ಒತ್ತಿ ನೋಡಿ: ಬಿರುಕು ಬಿಟ್ಟರೆ, ಪುಡಿ ಉದುರಿದರೆ ಬೇರೆಯದು ಹಾಕಿಕೊಳ್ಳಿ. ಮೂರು ಮೀಟರ್ ನೈಲಾನ್ ಹಗ್ಗ ಚೀಲದಲ್ಲಿರಲಿ, ಬಿಟ್ಟುಕೊಂಡ ಅಟ್ಟೆಯನ್ನು ಕಟ್ಟಿಕೊಂಡು ಇಳಿಯಲು ಅದೇ ಗತಿ. ಹುಲ್ಲಿನ ಊಬು ಸಾಕ್ಸಿನೊಳಗೆ ನುಗ್ಗಿ ಚುಚ್ಚುತ್ತಿರುತ್ತದೆ, ಅದಕ್ಕೆ ಉದ್ದ ಪ್ಯಾಂಟಿನ ತುದಿಯನ್ನು ಸಾಕ್ಸಿನ ಮೇಲೆ ಇಳಿಬಿಡಿ, ಒಳಗೆ ಸಿಕ್ಕಿಸಬೇಡಿ. ಜಿಗಣೆಯ ಜಾಗದಲ್ಲಿ ಮಾತ್ರ ಇದರ ಉಲ್ಟಾ.

ಹೆಜ್ಜೇನು, ಕರಡಿ, ಹಾವು

ಮೂರರಲ್ಲೂ ಜನ ಸಾಮಾನ್ಯವಾಗಿ ಹೆದರುವುದು ಚಿರತೆಗೆ. ಹೆದರಬೇಕಾದದ್ದು ಹೆಜ್ಜೇನಿಗೆ. ಬಂಡೆಯ ಕೊರಕಲಲ್ಲಿ, ಅಣೆಕಟ್ಟಿನಂಥ ಎತ್ತರದ ಗೋಡೆಗಳಲ್ಲಿ ಗೂಡು ಕಟ್ಟುತ್ತವೆ. ಸೆಂಟು ಹಾಕಿಕೊಂಡು ಹೋಗಬೇಡಿ, ಬೀಡಿ, ಸಿಗರೇಟು, ಒಲೆ ಏನೂ ಬೇಡ, ಕೆಳಗೆ ನಿಂತು ಕೂಗಬೇಡಿ. ಎದ್ದರೆ ತಲೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ದೂರ ಓಡಿ. ನೀರಿಗೆ ಹಾರಬೇಡಿ: ನೀವು ಉಸಿರಿಗೆ ಮೇಲೆ ಬರುವುದನ್ನೇ ಅವು ಕಾಯುತ್ತವೆ, ಜಲಾಶಯದ ಆಳ ನಿಮಗೆ ಗೊತ್ತಿಲ್ಲ, ಬೂಟು ಬೇರೆ ಕಾಲಲ್ಲಿರುತ್ತದೆ.

ಕರಡಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡುತ್ತದೆ. ಬೆಳಕು ಪೂರ್ತಿ ಬಿಡುವ ಮುಂಚೆ ಕುರುಚಲಿಗೆ ಇಳಿಯಬೇಡಿ, ತಿರುವುಗಳಲ್ಲಿ ಮಾತಾಡಿಕೊಂಡು ಹೋಗಿ, ಗವಿಯೊಳಗೆ ಇಣುಕಬೇಡಿ. ಸೀತಾಫಲ ಹಣ್ಣಾಗುವ ತಿಂಗಳುಗಳಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು, ನಡೆಸದೆ ಹೊತ್ತು ತಂದು, ನೇರ ದೊಡ್ಡ ಆಸ್ಪತ್ರೆಗೆ. 108, 112, ಅರಣ್ಯ ಇಲಾಖೆಯ 1926, ಈ ಮೂರೂ ಎಲ್ಲರ ಮೊಬೈಲಿನಲ್ಲಿರಲಿ. ಮನೆಯಲ್ಲಿ ಒಬ್ಬರಿಗೆ ಯಾವ ದಾರಿ, ಎಷ್ಟಕ್ಕೆ ವಾಪಸು, ಎಷ್ಟು ಹೊತ್ತಿನವರೆಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆದುಕೊಟ್ಟು ಹೋಗಿ.

ಇದೆಲ್ಲಕ್ಕೂ ಮೊದಲು ಒಂದು ಭಾನುವಾರ ಹತ್ತಿರದಲ್ಲೇ ತಾಲೀಮು ಮಾಡಿ. ದಾವಣಗೆರೆಯವರಿಗೆ ಕೊಂಡಜ್ಜಿಯ ಕೆರೆ ಮತ್ತು ಗುಡ್ಡ, ಚನ್ನಗಿರಿ ಕಡೆಯವರಿಗೆ ಸೂಳೆಕೆರೆಯ ಏರಿ, ದಂಡೆ. ಸವಾಲಿನ ಜಾಗಗಳಲ್ಲ, ಬೇಕಾದದ್ದೂ ಸವಾಲಲ್ಲ. ಆ ದಿನ ಹೊರುವಷ್ಟೇ ನೀರು, ಬುತ್ತಿ, ಅದೇ ಬೂಟು, ಅದೇ ಸಾಕ್ಸು ಹಾಕಿಕೊಂಡು ಎಂಟು ಕಿ.ಮೀ. ನಡೆದು, ಮನೆಗೆ ಬಂದು ಕಾಲು ನೋಡಿಕೊಳ್ಳಿ. ಹಿಮ್ಮಡಿ ಕೆಂಪಾಗಿದ್ದರೆ ಮುಂದಿನ ಸಲ ಅಲ್ಲಿಗೆ ಮೊದಲೇ ಟೇಪು ಅಂಟಿಸಬೇಕು. ಹೆಬ್ಬೆರಳಿನ ಉಗುರು ನೋಯುತ್ತಿದ್ದರೆ ಬೂಟು ಒಂದು ಸೈಜು ಚಿಕ್ಕದಾಯಿತು. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತಿ ಆ ಉಗುರು ಕಪ್ಪಾಗುತ್ತದೆ, ಅದನ್ನು ಹಾಕಿಕೊಂಡು ಶಕುನಗಿರಿಗೆ ಹೋಗುವುದು ಬೇಡ.